ಪರದೆ ಕಟ್ಟಿದವರು

ಶಿಡ್ಲಘಟ್ಟದಲ್ಲಿ ಮದುವೆ ವಿಡಿಯೊಗಳ ಮಿಕ್ಸಿಂಗ್ ಮಾಡಿಕೊಂಡು ಬದುಕಿದವಳು ನಾನು. ಈಗ ನನ್ನ ಅಂಗಡಿಗೆ ಮದುವೆಯವರಿಗಿಂತ ಹೆಚ್ಚಾಗಿ ಬರುವವರು ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು. ಚಿಂತಾಮಣಿಯಿಂದ ಬರುತ್ತಾರೆ, ಗೌರಿಬಿದನೂರಿನಿಂದ ಬರುತ್ತಾರೆ, ಚಿಕ್ಕಬಳ್ಳಾಪುರದ ಕಾಲೇಜುಗಳಿಂದ ಹಾರ್ಡ್‌ಡಿಸ್ಕನ್ನು ಬ್ಯಾಗಿನಲ್ಲಿಟ್ಟುಕೊಂಡು ಬರುತ್ತಾರೆ. 'ಅಕ್ಕಾ, ಯಾವ ಲೆನ್ಸ್ ತಗೊಳ್ಳೋದು? ಒಳ್ಳೆ ಮೈಕ್ ಎಲ್ಲಿ ಬಾಡಿಗೆಗೆ ಸಿಗುತ್ತೆ?' ಅಂತ ಶುರು ಮಾಡುತ್ತಾರೆ. 'ಯಾರಿಗೆ ತೋರಿಸ್ತೀರಪ್ಪಾ, ಎಲ್ಲಿ ತೋರಿಸ್ತೀರಿ?' ಅಂತ ನಾನು ಕೇಳುತ್ತೇನೆ. 'ಯೂಟ್ಯೂಬ್ ಅಕ್ಕಾ' ಅನ್ನುತ್ತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ.

ನನ್ನ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಕನ್ನಡದಲ್ಲಿ ಸಣ್ಣ ದುಡ್ಡಿನ, ಸ್ವಂತ ದಾರಿಯ ಸಿನಿಮಾ ಬೆಳೆದದ್ದು ನೋಡುವವರು ಮೊದಲು ಒಂದು ಕಡೆ ಸೇರಿ ಕೂತಿದ್ದರಿಂದ. ನಮ್ಮ ನಾಲ್ಕು ಊರುಗಳಲ್ಲಿ ಅದು ತಡವಾಗಿದ್ದಕ್ಕೆ ಕಾರಣವೂ ಅದೇ: ಇಲ್ಲಿ ಕ್ಯಾಮರಾ ಬಂತು, ಕೂರುವ ಜಾಗ ಹೋಯಿತು. ನಾನು ಬರೆಯಹೊರಟಿರುವುದು ಆ ಜಾಗದ ಕಥೆ.

ನಮ್ಮ ಸೀಮೆಯ ಹಳ್ಳಿಗಳಿಗೆ ಸಿನಿಮಾ ಬಂದದ್ದು ಡೇರೆಯಲ್ಲಿ. 1964ರ ಸಿನಿಮಾ ನಿಯಂತ್ರಣ ಕಾಯ್ದೆ ಇಂಥವನ್ನು ಸಂಚಾರಿ ಚಿತ್ರಮಂದಿರ ಅಂತ ಗುರುತಿಸಿ, ಅವಧಿ ಗೊತ್ತುಮಾಡಿ ಲೈಸೆನ್ಸು ಕೊಡುತ್ತಿತ್ತು. ನಮಗೆ ಅದು ಟೆಂಟು, ಅಷ್ಟೇ. ಸಂಜೆ ಕೊಳವೆ ಸ್ಪೀಕರಿನಲ್ಲಿ ಘಂಟಸಾಲ ಅವರ ವೆಂಕಟೇಶನ ಹಾಡು ಕೇಳಿಸಿತು ಅಂದರೆ ಇನ್ನು ಟಿಕೆಟ್ ಶುರು ಅಂತ ಲೆಕ್ಕ. ಹಾಲು ಕರೆಯುವವರು ಬೇಗ ಬೇಗ ಕರೆದು ಮುಗಿಸುತ್ತಿದ್ದರು. ನೆಲಕ್ಕೊಂದು ದರ, ಬೆಂಚಿಗೊಂದು, ಕುರ್ಚಿಗೊಂದು. ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಮೊಳಕಾಲೆತ್ತರದ ಗೋಡೆ. ಯಂತ್ರ ಒಂದೇ ಇದ್ದದ್ದರಿಂದ ಪ್ರತಿ ರೀಲು ಮುಗಿದಾಗ ದೀಪ ಹತ್ತುತ್ತಿತ್ತು, ಜನ ಪಕ್ಕದವರ ಕಡೆ ತಿರುಗಿ ಅಲ್ಲಿಯವರೆಗಿನ ಕಥೆಯ ಬಗ್ಗೆ ತೀರ್ಪು ಕೊಡುತ್ತಿದ್ದರು. ಸೊಸೆ ಮಾಡಿದ್ದು ಸರಿಯೇ, ಅಣ್ಣ ಆಸ್ತಿ ಬರೆದುಕೊಟ್ಟದ್ದು ತಪ್ಪಲ್ಲವೇ ಅಂತ. ಯಂತ್ರದ ಬಡತನದಿಂದ ಹುಟ್ಟಿದ ಆ ಬಿಡುವನ್ನು ನಾನು ಬಹಳ ದೊಡ್ಡದು ಅಂದುಕೊಂಡಿದ್ದೇನೆ. ಸಿನಿಮಾದ ಬಗ್ಗೆ ಬಾಯಿಬಿಟ್ಟು ಮಾತಾಡುವ ಅಭ್ಯಾಸ ನಮ್ಮ ತಾಯಂದಿರಿಗೆ ಬಂದದ್ದು ಅಲ್ಲಿಂದ.

ಆ ಪರದೆ ಮೇಲೆ ಓಡುತ್ತಿದ್ದದ್ದು ಬಹುಪಾಲು ತೆಲುಗು. ನಮ್ಮಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಎರಡರ ಜೊತೆಗೆ ಉರ್ದು. ಗಡಿ ಹತ್ತಿರ, ಹಿಂದೂಪುರ ಗೌರಿಬಿದನೂರಿಗೆ ಕೂಗಳತೆ. ಎನ್‌ಟಿಆರ್, ನಾಗೇಶ್ವರರಾವ್ ಚಿತ್ರಗಳ ಪೆಟ್ಟಿಗೆ ಬಸ್ಸಿನ ಟಾಪಿನ ಮೇಲೆ ಬಂದಿಳಿದರೆ ಊರಿಗೆ ಊರೇ ಗೊತ್ತು. ಇದನ್ನು ಕೊರತೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಸೀಮೆಯ ಸಂತ ಕೈವಾರದ ತಾತಯ್ಯನವರೇ ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ಕೈವಾರದ ಹೆಸರಿನಲ್ಲೇ 1961ರಲ್ಲಿ 'ಕೈವಾರ ಮಹಾತ್ಮೆ' ಬಂತು, ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನ, ರಾಜಕುಮಾರ್ ನಟನೆ. ಚಿಂತಾಮಣಿ ತಾಲ್ಲೂಕಿನ ಊರೊಂದು ಪೋಸ್ಟರಿನ ಮೇಲೆ ಬಂದದ್ದು ಆಗ. ಆದರೆ ಆ ಕಾಲದ ಕನ್ನಡ ಚಿತ್ರಗಳ ಸ್ಟುಡಿಯೊ ಕೆಲಸ ಹೆಚ್ಚಾಗಿ ನಡೆಯುತ್ತಿದ್ದದ್ದು ಮದರಾಸಿನಲ್ಲಿ. ಊರಿನ ಹೆಸರು ಪರದೆಗೆ ಹೋಗುತ್ತಿತ್ತು, ಊರಿನವರು ಟಿಕೆಟ್ ಕೊಂಡು ನೋಡಿ ಬರುತ್ತಿದ್ದರು. ನಾವೂ ಮಾಡಬಹುದು ಅನ್ನುವ ಯೋಚನೆ ಯಾರ ತಲೆಗೂ ಬರುವಂತಿರಲಿಲ್ಲ.

ಕಿರುಚಿತ್ರವಂತೂ ನಮಗೆ ಸರ್ಕಾರದ ಕಡೆಯಿಂದ ಬಂದ ವಸ್ತು. ಫಿಲಂಸ್ ಡಿವಿಷನ್ 1948ರಲ್ಲಿ ಶುರುವಾಯಿತು. ದೊಡ್ಡ ಚಿತ್ರಕ್ಕೆ ಮುಂಚೆ ಅನುಮತಿ ಪಡೆದ ಒಂದು ಸಣ್ಣ ಚಿತ್ರ ತೋರಿಸಲೇಬೇಕು ಅನ್ನುವುದು ಚಿತ್ರಮಂದಿರಗಳ ಲೈಸೆನ್ಸಿನ ಷರತ್ತಾಗಿತ್ತು. ಅಣೆಕಟ್ಟು, ರಸಗೊಬ್ಬರ, ಪ್ರವಾಹದ ಮೇಲೆ ಮಂತ್ರಿಗಳ ವಿಮಾನ. ಗಂಡಸರು ಆ ಹೊತ್ತಿಗೆ ಬೀಡಿ ಸೇದಲು ಆಚೆ ಹೋಗುತ್ತಿದ್ದರು. ಅದೇ ಸಂಸ್ಥೆಗಾಗಿ ಎಸ್. ಸುಖದೇವ್, ಪ್ರಮೋದ್ ಪತಿ, ಎಸ್.ಎನ್.ಎಸ್. ಶಾಸ್ತ್ರಿಯಂಥವರು ಎದೆಗಾರಿಕೆಯ ಕೆಲಸ ಮಾಡುತ್ತಿದ್ದರು ಅನ್ನುವುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. 1947ರಲ್ಲಿ ಹುಟ್ಟಿ ಇಪ್ಪತ್ತು ತುಂಬಿದ ಹುಡುಗ ಹುಡುಗಿಯರನ್ನು ಮಾತಾಡಿಸಿ ಶಾಸ್ತ್ರಿ 1967ರಲ್ಲಿ ಮಾಡಿದ 'ಐ ಆಮ್ 20' ನೋಡಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಇಂಥದ್ದು ನಮ್ಮ ಟೆಂಟಿಗೆ ಬಂದಿದ್ದರೆ, ಬಂದ ದಿನ ಯಾರಾದರೂ ಒಬ್ಬರು ಎದ್ದು ನಿಂತು 'ಹೋಗಬೇಡಿ, ನೋಡಿ' ಅಂದಿದ್ದರೆ! ವಾರ್ತಾ ಇಲಾಖೆಯ ವ್ಯಾನು ಹಳ್ಳಿಗೆ ಬಂದು ಶಾಲೆಯ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ 16 ಎಂಎಂ ಯಂತ್ರದಲ್ಲಿ ತೋರಿಸಿದ್ದು ನೆನಪಿದೆ. ಬಟ್ಟೆಯ ಆಚೆ ಕಡೆ ಕೂತು ಚಿತ್ರವನ್ನು ತಿರುಗುಮುರುಗಾಗಿ ನೋಡುವುದು ನಮಗೆ ಮಕ್ಕಳಿಗೆ ಇಷ್ಟ. ವ್ಯಾನು ಹೊರಟ ಮೇಲೆ ಮಾತಿಗೆ ಯಾರೂ ಉಳಿಯುತ್ತಿರಲಿಲ್ಲ. ಬಂದದ್ದು ಸಂದೇಶ ಮುಟ್ಟಿಸಲು, ಮುಟ್ಟಿಸಿ ಹೋಯಿತು.

ಇದೇ ಹೊತ್ತಿಗೆ ಕರ್ನಾಟಕದ ಬೇರೆ ಎರಡು ಕಡೆ ಏನು ನಡೆಯುತ್ತಿತ್ತು ಅನ್ನುವುದನ್ನು ನಾನು ನಿಧಾನವಾಗಿ ಹೇಳಬೇಕು. ಮಿಕ್ಸಿಂಗ್ ಕಲಿಯಲು ಬೆಂಗಳೂರಿಗೆ ಹೋದ ಕಾಲದಲ್ಲಿ ಸಂಜೆ ಹೊತ್ತು ಸುಚಿತ್ರಾ ಫಿಲಂ ಸೊಸೈಟಿಯ ಪ್ರದರ್ಶನಗಳಿಗೆ ಹೋಗುತ್ತಿದ್ದೆ. ಇವೆಲ್ಲ ನನ್ನ ಕಿವಿಗೆ ಬಿದ್ದದ್ದು ಅಲ್ಲಿಯ ಹಿರಿಯರಿಂದ.

ಸುಚಿತ್ರಾ ಶುರುವಾದದ್ದು 1971ರಲ್ಲಿ. ಎಚ್.ಎನ್. ನರಹರಿರಾವ್ ಮತ್ತು ಗೆಳೆಯರು ಕಟ್ಟಿದ್ದು. ಸ್ವಂತ ಕಟ್ಟಡ ಆಮೇಲೆ ಬಂತು. ಮೊದಲು ಬಂದದ್ದು ಸದಸ್ಯರು, ಬಾಡಿಗೆಗೆ ತಂದ ಪ್ರಿಂಟು, ಚಿತ್ರ ಮುಗಿದ ಮೇಲೆ ಹೊರಗೆ ನಿಂತು ಬಿಸಿಬಿಸಿ ಜಗಳ. ಅದಕ್ಕೆ ಒಂದು ವರ್ಷ ಮುಂಚೆ, 1970ರಲ್ಲಿ, 'ಸಂಸ್ಕಾರ' ಬಂದಿತ್ತು. ಪಟ್ಟಾಭಿರಾಮ ರೆಡ್ಡಿ ನಿರ್ದೇಶಕರು, ಅನಂತಮೂರ್ತಿಯವರ ಕಾದಂಬರಿ, ಚಿತ್ರಕಥೆ ಗಿರೀಶ ಕಾರ್ನಾಡರದು, ಪ್ರಾಣೇಶಾಚಾರ್ಯನಾಗಿಯೂ ಅವರೇ. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕ್ಯಾಮರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್, ಕಲಾ ನಿರ್ದೇಶನ ಚಿತ್ರಕಾರ ಎಸ್.ಜಿ. ವಾಸುದೇವ್, ಸಂಗೀತ ಸರೋದ್ ನುಡಿಸುತ್ತಿದ್ದ ರಾಜೀವ ತಾರಾನಾಥ್. ಈ ಪಟ್ಟಿಯನ್ನು ಬೇಕೆಂದೇ ಕೊಡುತ್ತಿದ್ದೇನೆ. ಸಿನಿಮಾ ಉದ್ಯೋಗದವರು ಇದರಲ್ಲಿ ಎಷ್ಟು ಜನ ಅಂತ ನೋಡಿ. ಕವಿಗಳು, ಮೇಷ್ಟರು, ನಾಟಕದವರು, ಚಿತ್ರಕಾರರು. ಶೃಂಗೇರಿ ಹತ್ತಿರದ ಅಗ್ರಹಾರದಲ್ಲಿ ಹೋಗಿ ಉಳಿದು, ಒಂದು ಲಕ್ಷ ರೂಪಾಯಿಯೊಳಗೆ ಮುಗಿಸಿದರು ಅನ್ನುತ್ತಾರೆ. ಮದರಾಸಿನ ಸೆನ್ಸಾರ್ ತಡೆಯಿತು. ತಡೆ ತೆರವಾಗಿ ಬಿಡುಗಡೆಯಾದ ಮೇಲೆ ದೇಶದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು, ಕನ್ನಡಕ್ಕೆ ಅದು ಮೊದಲನೆಯದು. ಸ್ನೇಹಲತಾ ಮುಂದೆ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಜೈಲು ಸೇರಿ, ಅಲ್ಲಿ ಹದಗೆಟ್ಟ ಆರೋಗ್ಯ ಸುಧಾರಿಸದೆ 1977ರ ಜನವರಿಯಲ್ಲಿ ತೀರಿಕೊಂಡರು. ಚಂದ್ರಿಯ ಮುಖ ಪರದೆಗೆ ಬಂದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

1971ರ 'ವಂಶವೃಕ್ಷ', 1975ರ 'ಚೋಮನ ದುಡಿ', 1977ರ 'ಘಟಶ್ರಾದ್ಧ', ಹೀಗೆ ಏಳೆಂಟು ವರ್ಷ ಬಿಡುವಿಲ್ಲದೆ ಬಂದವು. ಗಿರೀಶ ಕಾಸರವಳ್ಳಿ 'ಘಟಶ್ರಾದ್ಧ'ಕ್ಕೆ ಮುಂಚೆ ಪುಣೆಯ ಫಿಲಂ ಸಂಸ್ಥೆಯಲ್ಲಿ ಮಾಡಿದ ಕಿರುಚಿತ್ರ 'ಅವಶೇಷ್'. ಅದಕ್ಕೇ ರಾಷ್ಟ್ರಪ್ರಶಸ್ತಿ ಬಂದಿತ್ತು. 'ಘಟಶ್ರಾದ್ಧ'ದ ಛಾಯಾಗ್ರಾಹಕ ಎಸ್. ರಾಮಚಂದ್ರ. ಕತ್ತಲ ನಡುಮನೆಯಲ್ಲಿ ಬಾಗಿಲಿಂದ ಬಂದಷ್ಟೇ ಬೆಳಕನ್ನು ನಂಬಿ ಮುಖಗಳನ್ನು ತೆಗೆಯುವ ಅವರ ಧೈರ್ಯವನ್ನು ನಾನು ನಮ್ಮ ಹುಡುಗರಿಗೆ ಮತ್ತೆ ಮತ್ತೆ ತೋರಿಸುತ್ತೇನೆ, ಫ್ರೇಮು ನಿಲ್ಲಿಸಿ ತೋರಿಸುತ್ತೇನೆ. ಆ ಚಿತ್ರವನ್ನು ಈಗ ಹೊಸದಾಗಿ ಶುದ್ಧಗೊಳಿಸಿದ್ದಾರೆ, 2024ರಲ್ಲಿ ವೆನಿಸ್ ಉತ್ಸವದ ಹಳೆಯ ಚಿತ್ರಗಳ ವಿಭಾಗದಲ್ಲಿ ತೋರಿಸಿದರು.

ಪ್ರಶಸ್ತಿಗಳಿಗಿಂತ ದೊಡ್ಡ ಸಂಗತಿ ನಡೆದದ್ದು ಹೆಗ್ಗೋಡಿನಲ್ಲಿ ಅಂತ ನನ್ನ ನಂಬಿಕೆ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1949ರಿಂದ ನಾಟಕ ಮಾಡುತ್ತಿದ್ದ ನೀನಾಸಂ 1973ರಲ್ಲಿ ಚಿತ್ರಸಮಾಜ ತೆರೆಯಿತು. ಅಡಿಕೆ ತೋಟದ ಆಳುಗಳೂ ಒಡೆಯರೂ ಒಟ್ಟಿಗೆ ಕೂತು 'ಪಥೇರ್ ಪಾಂಚಾಲಿ', 'ರಾಶೋಮನ್', 'ಬೈಸಿಕಲ್ ಥೀವ್ಸ್' ನೋಡಿದರು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಜಗತ್ತಿನ ಸಿನಿಮಾವನ್ನು ಹಳ್ಳಿಗೆ ತಂದರು ಅಂತ ಹೊಗಳುವವರಿದ್ದಾರೆ. ತಂದದ್ದಕ್ಕಿಂತ ಕೂರಿಸಿದ್ದು ಹೆಚ್ಚು. ಚಿತ್ರದ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದು ಹಂಚಿದರು, ಪುಣೆ ಸಂಸ್ಥೆಯ ಮೇಷ್ಟರು ಸತೀಶ್ ಬಹಾದ್ದೂರ್ ಅವರನ್ನು ಕರೆಸಿ ಶಿಬಿರ ನಡೆಸಿದರು. ಜಪಾನಿನ ಚಿತ್ರ ಹಳ್ಳಿಯವರಿಗೆ ಅರ್ಥವಾಗುತ್ತದೆಯೇ ಅಂತ ಕೇಳುವವರಿಗೆ ಅಲ್ಲಿ ಉತ್ತರ ಸಿಕ್ಕಿತು. ಟೆಂಟಿನ ರೀಲು ಬಿಡುವಿನಲ್ಲಿ ಮಾತಾಡುತ್ತಿದ್ದ ನಮ್ಮ ಹೆಂಗಸರನ್ನು ಕಂಡವರು ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ನಮ್ಮ ಸೀಮೆಯಲ್ಲಿ ಇಂಥ ಮನಸ್ಸು ಇರಲಿಲ್ಲವೇ ಅಂದರೆ, ಇತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಓದಿಗಾಗಿ ಬೆಂಗಳೂರಿಗೆ ನಡೆದುಕೊಂಡೇ ಹೋದವರು. 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿ, ವಾರ ವಾರವೂ ಸಾಮಾನ್ಯ ಜನರನ್ನು ಕೂರಿಸಿ ವಿಜ್ಞಾನ ಕೇಳಿಸಿದರು. ತಪ್ಪದೆ, ಹಣ ಕೇಳದೆ, ಅದೇ ಜಾಗದಲ್ಲಿ. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜುಗಳು ಬಂದದ್ದು ಅವರಿಂದ. ವಿಜ್ಞಾನಕ್ಕೆ ಅವರು ಮಾಡಿದ್ದನ್ನು ಸಿನಿಮಾಕ್ಕೆ ಮಾಡುವವರು ಇಲ್ಲಿ ಸಿಗಲಿಲ್ಲ. ಸಿಗುವ ಹೊತ್ತಿಗೆ ವಿಡಿಯೊ ಬಂತು.

ವಿಡಿಯೊ ನನ್ನ ಕಸುಬು, ಅದರ ಬಗ್ಗೆ ಸ್ವಲ್ಪ ಹೆಚ್ಚು ಬರೆದರೆ ಓದುವವರು ಸಹಿಸಿಕೊಳ್ಳಬೇಕು. ಶಿಡ್ಲಘಟ್ಟಕ್ಕೆ ಅದು ಬೇಗ ಬಂತು. ಇಲ್ಲಿಯದು ರೇಷ್ಮೆ ದುಡ್ಡು, ದಿನದ ದುಡ್ಡು. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಗೂಡು ಹರಾಜಾದರೆ ಸಂಜೆಗೆ ಜೇಬಲ್ಲಿ ನೋಟು. ಮಗಳ ಮದುವೆಗೆ ಫೋಟೊ ಸಾಲದು, ವಿಡಿಯೊ ಬೇಕು ಅನ್ನುವ ಹಟ ಗೂಡಿನಿಂದ ನೂಲು ಬಿಚ್ಚಿಸುವ ರೀಲರುಗಳಲ್ಲಿ 80ರ ದಶಕದ ಕೊನೆಗೇ ಹತ್ತಿಕೊಂಡಿತು. ಹೆಗಲ ಮೇಲೆ ಹೊರುವ ಪ್ಯಾನಾಸಾನಿಕ್ ವಿಎಚ್‌ಎಸ್ ಕ್ಯಾಮರಾ, ಹಿಂದೆ ಒಬ್ಬ ಲೈಟ್ ಬಾಯ್, ಅವನ ಕೈಯಲ್ಲಿ ಮುಖ ಸುಡುವ ಹ್ಯಾಲೋಜನ್. ಮದುವೆ ಮುಗಿದ ಮೇಲೆ ಕ್ಯಾಸೆಟ್ಟುಗಳು ನನ್ನ ಹತ್ತಿರ ಬರುತ್ತಿದ್ದವು.

ಎರಡು ವಿಸಿಆರ್‌ನಲ್ಲಿ ಓಡಿಸಿ, ನಡುವೆ ಮಿಕ್ಸರ್ ಇಟ್ಟು, ಮೂರನೆಯದರಲ್ಲಿ ರೆಕಾರ್ಡ್ ಮಾಡಬೇಕು. ಟೇಪು ನಿಂತಲ್ಲಿಂದ ತಕ್ಷಣ ಸರಿಯಾದ ವೇಗಕ್ಕೆ ಬರುವುದಿಲ್ಲ. ಆದ್ದರಿಂದ ಬೇಕಾದ ಜಾಗಕ್ಕಿಂತ ಕೆಲವು ಸೆಕೆಂಡು ಹಿಂದೆ ಹೋಗಿ, ಮನಸ್ಸಿನಲ್ಲೇ ಎಣಿಸಿ, ಸರಿಯಾಗಿ ಆ ಕ್ಷಣಕ್ಕೆ ಗುಂಡಿ ಒತ್ತಬೇಕು. ತಪ್ಪಿದರೆ ಮತ್ತೆ ಮೊದಲಿಂದ. ಒಂದು ಕಾಪಿಯಿಂದ ಇನ್ನೊಂದಕ್ಕೆ ಹೋದಂತೆ ಬಣ್ಣ ಸಡಿಲವಾಗುತ್ತದೆ, ಅದರಲ್ಲೂ ಕೆಂಪು. ಧಾರೆ ಸೀರೆಯ ಕೆಂಪು ಅಂಚು ದಾಟಿ ಮದುಮಗಳ ಕೆನ್ನೆಯವರೆಗೂ ಹರಿಯುತ್ತಿತ್ತು. ಆ ಕೆಂಪನ್ನು ಹಿಡಿದು ನಿಲ್ಲಿಸಲು ನಾನು ಪಟ್ಟ ಪಾಡು ನನಗೆ ಸಂಕಲನದ ಒಂದು ಸತ್ಯ ಕಲಿಸಿತು: ಹೆಚ್ಚು ಕತ್ತರಿಸಿ ಜೋಡಿಸಿದಷ್ಟೂ ಚಿತ್ರ ಸವೆಯುತ್ತದೆ, ಆದ್ದರಿಂದ ಮೊದಲೇ ಯೋಚಿಸಿ ಕತ್ತರಿಸು. ಮದುವೆ ವಿಡಿಯೊದವರನ್ನು ಸಿನಿಮಾದವರು ಕೀಳಾಗಿ ನೋಡುತ್ತಾರೆ. ತಾಳಿ ಕಟ್ಟುವ ಕ್ಷಣ ಮತ್ತೊಮ್ಮೆ ಸಿಗುವುದಿಲ್ಲ. ನೂರು ಜನರ ತಲೆ ಅಡ್ಡ ಬಂದರೂ ಆ ಗಂಟು ಸಿಗಬೇಕು. ಅದನ್ನು ತೆಗೆದವನಿಗೆ ಸಾಕ್ಷ್ಯಚಿತ್ರದ ಅರ್ಧ ವಿದ್ಯೆ ಬಂದ ಹಾಗೆ.

ಆದರೆ ಅದೇ ಕ್ಯಾಸೆಟ್ಟು ಟೆಂಟನ್ನು ಖಾಲಿ ಮಾಡಿತು. ಮೊದಲು ವಿಡಿಯೊ ಪಾರ್ಲರು, ಆಮೇಲೆ ಕೇಬಲ್, ಜನ ಮನೆಯೊಳಗೆ ಹೋದರು. ಟೆಂಟುಗಳು ಒಂದೊಂದಾಗಿ ಎದ್ದುಹೋದವು. ಮಾಡುವ ಸಾಧನ ನಮ್ಮ ಕೈಗೆ ಬಂದ ವರ್ಷಗಳಲ್ಲೇ ಒಟ್ಟಿಗೆ ನೋಡುವ ಜಾಗ ಕಳೆದುಹೋಯಿತು.

ನಾನು ಕೆಲಸ ಮಾಡಿದ ಮೊದಲ ಕಿರುಚಿತ್ರ 90ರ ದಶಕದ್ದು. ಚಿಂತಾಮಣಿ ಕಡೆಯ ಹೈಸ್ಕೂಲು ಮೇಷ್ಟರೊಬ್ಬರು ಮದುವೆ ಕ್ಯಾಮರಾ ಬಾಡಿಗೆಗೆ ತೆಗೆದುಕೊಂಡು, ಶಾಲೆ ಬಿಟ್ಟು ರೇಷ್ಮೆ ಬಿಚ್ಚುವ ಶೆಡ್ಡುಗಳಲ್ಲಿ ಕೂರುವ ಮಕ್ಕಳ ಬಗ್ಗೆ ತೆಗೆದದ್ದು. ಬಾಲಕಾರ್ಮಿಕ ಕಾಯ್ದೆ 1986ರಲ್ಲೇ ಬಂದಿತ್ತು, ಬಿಸಿನೀರಿನ ಬೇಸಿನ್ ಮುಂದೆ ಮಕ್ಕಳೂ ಇದ್ದರು. ಸದಾ ನೀರಿನಲ್ಲಿರುವ ಬೆರಳಿನ ಚರ್ಮ ಬಿಳಿಚಿ ಬಿರಿದಿರುತ್ತದೆ. ಮೇಷ್ಟರು ಆ ಬೆರಳುಗಳನ್ನೇ ಬಹಳ ಹೊತ್ತು ತೋರಿಸಿದ್ದರು. ನಮ್ಮ ಅಪ್ಪನೂ ರೀಲರು. ಶಾಲೆಯ ಅಂಗಳದಲ್ಲಿ ಟಿವಿ ಇಟ್ಟು ತೋರಿಸಿದ ದಿನ ಅಪ್ಪ ಬಂದು ಹಿಂದೆ ನಿಂತಿದ್ದರು. ಮುಗಿದ ಮೇಲೆ ಮುಂದೆ ಬಂದು, ಎಲ್ಲರ ಎದುರಿಗೆ, 'ಮೇಷ್ಟ್ರೇ, ಬೆರಳು ತೋರಿಸಿದ್ರಿ, ಸರಿ, ನೋಡ್ಬೇಕಾದ್ದೇ. ಗೂಡಿನ ರೇಟು ಯಾಕೆ ತೋರಿಸಲಿಲ್ಲ? ನೂಲಿನ ರೇಟು ಬಿದ್ದ ದಿನ ನಾನು ಯಾರಿಗೆ ಎಷ್ಟು ಕೂಲಿ ಕೊಡ್ಲಿ, ಅದನ್ನೂ ಹಾಕಿ' ಅಂದರು. ಮಕ್ಕಳ ತಾಯಂದಿರು ತೆಲುಗಿನಲ್ಲಿ ಅಪ್ಪನ ಮೇಲೆ ಬಿದ್ದರು. ಕೂಲಿಯ ಮುಂಗಡದ ಲೆಕ್ಕ ಹೊರಗೆ ಬಂತು, ಯಾವ ಮನೆ ಎಷ್ಟು ಸಾಲಕ್ಕೆ ಮಗುವನ್ನು ಕಳಿಸಿದೆ ಅನ್ನುವುದು ಬಂತು. ಕತ್ತಲಾದರೂ ಜನ ಕದಲಲಿಲ್ಲ. ಮೇಷ್ಟರು ಮಾರನೆಯ ದಿನ ಬಂದು ಮಾರುಕಟ್ಟೆಯಲ್ಲಿ ಹೊಸದಾಗಿ ತೆಗೆದದ್ದನ್ನೂ ಮುಂಗಡದ ಮಾತನ್ನೂ ಸೇರಿಸಿಕೊಡು ಅಂದರು. ರಾತ್ರಿಯೆಲ್ಲ ಕೂತು ಸೇರಿಸಿದೆ. ಚಿತ್ರ ಉದ್ದವಾಯಿತು, ನಿಜವಾಯಿತು. ಅದನ್ನು ಹಾಗೆ ಮಾಡಿದ್ದು ಆ ಅಂಗಳ.

ಕಥಾಚಿತ್ರದಲ್ಲಿ ಸಣ್ಣ ರೂಪ ಕನ್ನಡದವರಿಗೆ ಹೊಸದೇನೂ ಅಲ್ಲ. ಪುಟ್ಟಣ್ಣ ಕಣಗಾಲ್ 1976ರಲ್ಲೇ ಮೂರು ಸಣ್ಣಕಥೆಗಳನ್ನು ಪೋಣಿಸಿ 'ಕಥಾಸಂಗಮ' ಮಾಡಿದರು. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ಒಂದೊಂದು ಕಂತೂ ಒಂದು ಕಿರುಚಿತ್ರವೇ, ಅದರ ಕ್ಯಾಮರಾ ಕೂಡ ಎಸ್. ರಾಮಚಂದ್ರ ಅವರದು. ಆದರೆ ಹೊಸಬನೊಬ್ಬ ತನ್ನ ಹತ್ತು ನಿಮಿಷದ ಚಿತ್ರ ಹಿಡಿದು ಬಂದರೆ ಅದಕ್ಕೆ ಚಿತ್ರಮಂದಿರವೂ ಇರಲಿಲ್ಲ, ಟಿವಿಯೂ ಇರಲಿಲ್ಲ. ಆ ಬೀಗ ತೆಗೆದದ್ದು ಇಂಟರ್‌ನೆಟ್ಟು, ಅದನ್ನು ನಾನು ತುಂಬು ಮನಸ್ಸಿನಿಂದ ಒಪ್ಪುತ್ತೇನೆ. ಕ್ಯಾನನ್ 5ಡಿ ಮಾರ್ಕ್ 2 ಅನ್ನುವ ಫೋಟೊ ಕ್ಯಾಮರಾ 2008ರಲ್ಲಿ ಬಂತು. ಅದರಲ್ಲಿ ಒಂದು ಸಲಕ್ಕೆ ಸುಮಾರು 12 ನಿಮಿಷ ಮಾತ್ರ ವಿಡಿಯೊ ತೆಗೆಯಲು ಆಗುತ್ತಿತ್ತು, ಆದರೆ ಸಿನಿಮಾದಂಥ ಆಳ ಇತ್ತು. ಮದುವೆ ಸ್ಟುಡಿಯೊದವರು ಕೊಂಡರು, ಮುಹೂರ್ತ ಇಲ್ಲದ ಆಷಾಢದಲ್ಲಿ ಹುಡುಗರು ಅವರಿಂದ ಎರವಲು ತಂದರು. ನಮ್ಮ ಊರುಗಳ ಎಷ್ಟೋ ಕಿರುಚಿತ್ರಗಳು ಆಷಾಢದಲ್ಲಿ ಹುಟ್ಟಿದವು. ಡಿ. ಸತ್ಯಪ್ರಕಾಶ್ ದತ್ತಣ್ಣನವರನ್ನು ಇಟ್ಟುಕೊಂಡು ಮಾಡಿದ 'ಜಯನಗರ 4ನೇ ಬ್ಲಾಕ್' ಫೋನಿಂದ ಫೋನಿಗೆ ಹೋಯಿತು. ಅವರೇ 2016ರಲ್ಲಿ 'ರಾಮಾ ರಾಮಾ ರೇ' ಮಾಡಿದರು. 2013ರಲ್ಲಿ ಪವನ್ ಕುಮಾರ್ ಸುಮಾರು 110 ಜನರಿಂದ ಹಣ ಸೇರಿಸಿ 'ಲೂಸಿಯಾ' ಮಾಡಿದರು.

2015ರಲ್ಲಿ 'ತಿಥಿ' ಬಂತು. ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದ ಆ ಚಿತ್ರವನ್ನು ರಾಮ್ ರೆಡ್ಡಿ ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ ತೆಗೆದರು. ಅದು ಕಥೆ ಬರೆದ ಈರೇಗೌಡರ ಊರು, ಗಡ್ಡಪ್ಪ, ಸೆಂಚುರಿ ಗೌಡರೆಲ್ಲ ನಟರಲ್ಲದ ಹಳ್ಳಿಯವರು. ನಟೇಶ್ ಹೆಗಡೆ ಉತ್ತರ ಕನ್ನಡದ ತಮ್ಮ ಸೀಮೆಯಲ್ಲಿ, ತಂದೆ ಗೋಪಾಲ ಹೆಗಡೆಯವರನ್ನೇ ಮುಖ್ಯ ಪಾತ್ರಕ್ಕೆ ಹಾಕಿ 2021ರಲ್ಲಿ 'ಪೆಡ್ರೊ' ಮಾಡಿದರು. ಹೊಸ 'ಕಥಾಸಂಗಮ'ದಲ್ಲಿ 2019ರಲ್ಲಿ ಒಂದು ಕಿರುಚಿತ್ರ ಮಾಡಿದ್ದ ಜೈಶಂಕರ್ ಆರ್ಯರ್ ಕೊಪ್ಪಳದ ಯರೇಹಂಚಿನಾಳದಲ್ಲಿ ಶರಣಮ್ಮ ಚೆಟ್ಟಿಯವರನ್ನು ಇಟ್ಟುಕೊಂಡು 'ಶಿವಮ್ಮ' ಮಾಡಿದರು, 2022ರಲ್ಲಿ ಬೂಸಾನ್ ಉತ್ಸವದ ಪ್ರಶಸ್ತಿ ಬಂತು. 2024ರಲ್ಲಿ ಚಿದಾನಂದ ಎಸ್. ನಾಯ್ಕ್ ಅವರ 16 ನಿಮಿಷದ ಕನ್ನಡ ಚಿತ್ರ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ತಂದಿತು. ವೈದ್ಯಕೀಯ ಓದಿ ಪುಣೆಗೆ ಹೋದವರು ಅವರು. ಕೋಳಿ ಕದ್ದೊಯ್ದ ಮುದುಕಿಯಿಂದ ಊರಿಗೆ ಬೆಳಗೇ ಆಗದ ಕಥೆ ಅದು, ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದದ್ದು. ಮಂಡ್ಯದ ಮಾತು, ಶಿರಸಿಯ ಮಾತು, ಕೊಪ್ಪಳದ ಮಾತು ಪರದೆಗೆ ಬಂತು. ನಮ್ಮ ಕಡೆಯ ತೆಲುಗು ಬೆರೆತ ಮಾತು ಇನ್ನೂ ಸರಿಯಾಗಿ ಬಂದಿಲ್ಲ ಅನ್ನುವ ಕೊರಗು ನನಗಿದೆ. 2023ರಲ್ಲಿ ಜೀವಾ ನವೀನ್ ಅವರ 'ಪಾಲಾರ್' ಕೋಲಾರ ಸೀಮೆಯ ಕಡೆ ಮುಖ ಮಾಡಿತು, ಆ ದಾರಿಯಲ್ಲಿ ಇನ್ನೂ ಬಹಳ ಜನ ಬರಬೇಕು.

ಮನೆಯಲ್ಲೊಂದು ಭಾಷೆ, ಪರದೆಯ ಮೇಲೆ ದೊಡ್ಡ ನೆರೆಯವರ ಭಾಷೆ ಅನ್ನುವ ಸ್ಥಿತಿ ನಮಗೊಬ್ಬರಿಗೇ ಬಂದದ್ದಲ್ಲ. ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ಐರ್ಲೆಂಡಿನ ಕಿರುಚಿತ್ರಗಳನ್ನು ಹುಡುಕಿ ತಂದು ತೋರಿಸಿದಳು. ಅಲ್ಲಿ ಐರಿಷ್ ಭಾಷೆಗೆ ಅಧಿಕೃತ ಸ್ಥಾನವಿದೆ, ದಿನದ ಮಾತು ಹೆಚ್ಚಾಗಿ ಇಂಗ್ಲಿಷು. 2003ರ 'ಯು ಮಿಂಗ್ ಇಸ್ ಆನಿಮ್ ದೊಮ್' ಅನ್ನುವ ಡೇನಿಯಲ್ ಒ'ಹಾರಾ ಅವರ ಕಿರುಚಿತ್ರದಲ್ಲಿ ಚೀನಾದ ಹುಡುಗನೊಬ್ಬ ಐರ್ಲೆಂಡಿಗೆ ಹೋಗಬೇಕು ಅಂತ ಕಷ್ಟಪಟ್ಟು ಐರಿಷ್ ಕಲಿಯುತ್ತಾನೆ. ಡಬ್ಲಿನ್ನಿನಲ್ಲಿ ಇಳಿದರೆ ಅವನ ಮಾತು ಯಾರಿಗೂ ತಿಳಿಯುವುದಿಲ್ಲ, ಬಾರಿನಲ್ಲಿ ಕೂತ ಒಬ್ಬ ಮುದುಕನಿಗೆ ಬಿಟ್ಟು. ಹದಿಮೂರು ನಿಮಿಷದಲ್ಲಿ ಒಂದು ನಾಡಿನ ಸಂಕಟ ಹೇಳಿಬಿಟ್ಟಿದ್ದಾರೆ. ಆ ನಾಡಿನ ಸಿನಿಮಾ ಮಂಡಳಿಯನ್ನು ಸರ್ಕಾರ 1987ರಲ್ಲಿ ಮುಚ್ಚಿ, 1993ರಲ್ಲಿ ಮತ್ತೆ ತೆರೆಯಿತು. ಮಂಡಳಿ ಮುಚ್ಚಿದ್ದ ಆ ನಡುವಿನ ವರ್ಷಗಳಲ್ಲೇ, 1989ರಲ್ಲಿ, ಗಾಲ್ವೇ ಊರಿನವರು ತಮ್ಮ ಸಿನಿಮಾ ಹಬ್ಬ ಶುರು ಮಾಡಿದರು. ದುಡ್ಡು ನಿಂತಾಗಲೂ ನೋಡುವುದು ನಿಲ್ಲಲಿಲ್ಲ. 2022ರ ಐರಿಷ್ ಭಾಷೆಯ 'ಆನ್ ಕಲೀನ್ ಕ್ಯೂನ್' ಆಸ್ಕರ್ ಅಂತಿಮ ಸುತ್ತಿಗೆ ಹೋಗಿದ್ದರ ಹಿಂದೆ ಅಂಥ ವರ್ಷಗಳೂ ಇವೆ ಅಂತ ನಾನು ಅಂದುಕೊಳ್ಳುತ್ತೇನೆ. ನಮ್ಮಲ್ಲಿ 2009ರಲ್ಲಿ ಚಲನಚಿತ್ರ ಅಕಾಡೆಮಿ ಬಂತು, ನಾಗಾಭರಣ ಮೊದಲ ಅಧ್ಯಕ್ಷರು, ಜಿಲ್ಲೆಗಳಲ್ಲಿ ಬೆಳ್ಳಿಮಂಡಲ ಅನ್ನುವ ಚಿತ್ರಸಮಾಜಗಳ ಯೋಜನೆ ಹಾಕಿದರು. ಯೋಚನೆ ಬಹಳ ಸರಿಯಾದದ್ದು. ಅದನ್ನು ಊರಿನವರೇ ಹಿಡಿದು ನಡೆಸಿದ ಕಡೆ ಮಾತ್ರ ಉಳಿಯುತ್ತದೆ.

ಐರಿಷ್ ಚಿತ್ರ ತಂದ ಹುಡುಗಿ ಗೌರಿಬಿದನೂರಿನವಳು. ಅವಳೀಗ ರೇಷ್ಮೆ ಹುಳ ಹಣ್ಣಾಗುವ ರಾತ್ರಿಯ ಬಗ್ಗೆ ಚಿತ್ರ ಮಾಡಿದ್ದಾಳೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಹುಳ ಏಳೆಂಟು ದಿನ ಸೊಪ್ಪು ತಿಂದು, ಒಂದು ಹೊತ್ತಿನಲ್ಲಿ ತಿನ್ನುವುದು ಬಿಟ್ಟು ಮೈ ಹೊಳಪಾಗಿ ತಲೆ ಎತ್ತುತ್ತದೆ. ಆಗ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಮನೆಯವರು, ನೆಂಟರು, ಅಕ್ಕಪಕ್ಕದವರು ಎಲ್ಲ ಸೇರಿದರೂ ಕೈ ಸಾಲದು. ಅದು ಯಾವ ಗಂಟೆಗೆ ಅಂತ ಯಾರೂ ಹೇಳುವಂತಿಲ್ಲ, ಆದ್ದರಿಂದ ಚಿತ್ರತಂಡ ಹುಳದ ಮನೆಯ ಜಗಲಿಯಲ್ಲೇ ಮಲಗಿ ಕಾದಿತ್ತು. ಒಳಗೆ ಹೋಗುವಾಗ ಚಪ್ಪಲಿ ಬಿಟ್ಟು, ಕೈಕಾಲಿಗೆ ಔಷಧಿ ನೀರು ಹಾಕಿಕೊಂಡು ಹೋಗಬೇಕು, ಸೆಂಟು ಹಾಕಿದವರಿಗೆ ಪ್ರವೇಶವಿಲ್ಲ, ತಂಬಾಕು ಮುಟ್ಟಿದ ಕೈಗೂ ಇಲ್ಲ. ಹೆಚ್ಚು ಬೆಳಕು ಬಿಟ್ಟರೆ ಹುಳ ಕತ್ತಲ ಕಡೆಗೆ ಗುಂಪಾಗಿ ಸರಿದು ಗೂಡು ಕೆಡುತ್ತದೆ ಅಂತ ಮನೆಯ ಯಜಮಾನಿ ಲೈಟು ಹಾಕಲು ಬಿಡಲಿಲ್ಲ. ಅವರು ಕೆಲಸಕ್ಕೆ ಇಟ್ಟುಕೊಂಡಿದ್ದ ಒಂದೇ ಬಲ್ಬು, ಅದೂ ಕಾಗದ ಸುತ್ತಿದ್ದು. ಹುಡುಗಿ ಅಷ್ಟರಲ್ಲೇ ತೆಗೆದಳು. ಸಾವಿರಾರು ಹುಳ ಸೊಪ್ಪು ಕಡಿಯುವ ಸದ್ದು ಮಳೆ ಹನಿದಂತೆ ಕೇಳಿ, ನಿಧಾನವಾಗಿ ಕಡಿಮೆಯಾಗಿ ನಿಂತುಹೋಗುವುದನ್ನು ಅವಳು ಪೂರ್ತಿ ಬಿಟ್ಟಿದ್ದಾಳೆ. ಮಾತು ತೆಲುಗು, ನಡುನಡುವೆ ಕನ್ನಡ, ಆ ಮನೆಯವರು ಆಡಿದ ಹಾಗೆಯೇ.

ಸಂಕಲನ ನನ್ನ ಅಂಗಡಿಯಲ್ಲೇ ನಡೆಯಿತು. 14 ನಿಮಿಷಕ್ಕೆ ನಿಂತಿದೆ, ನನ್ನ ಪ್ರಕಾರ ಇನ್ನೊಂದು ನಿಮಿಷ ಕಡಿಮೆಯಾಗಬೇಕು, ಅವಳು ಒಪ್ಪುತ್ತಿಲ್ಲ. ತೀರ್ಮಾನ ಹಳ್ಳಿಯವರಿಗೆ ಬಿಟ್ಟಿದ್ದೇವೆ. ತೆಗೆದ ಊರಿನಲ್ಲೇ, ಹಾಲಿನ ಡೇರಿ ಮುಂದಿನ ಬಯಲಲ್ಲಿ, ಸಂಜೆ ಹಾಲು ಹಾಕಿ ಮುಗಿದ ಮೇಲೆ ಮೊದಲ ಪ್ರದರ್ಶನ. ಪ್ರೊಜೆಕ್ಟರ್ ನನ್ನದು, ಪರದೆಗೆ ಎರಡು ಪಂಚೆ ಜೋಡಿಸಿ ಹೊಲಿಸಿದ್ದೇವೆ, ಕುರ್ಚಿ ಶಾಮಿಯಾನದವರು ಬಾಡಿಗೆಯಿಲ್ಲದೆ ಕೊಡುತ್ತೇವೆ ಅಂದಿದ್ದಾರೆ. ಅವಳ ಚಿತ್ರ ಆದ ಮೇಲೆ ದೀಪ ಹಾಕಿ ಅರ್ಧ ಗಂಟೆ ಮಾತು, ಆಮೇಲೆ 'ಘಟಶ್ರಾದ್ಧ'. ಹುಳದ ಮನೆಯ ಯಜಮಾನಿ ಅವತ್ತು ಸಂಜೆ ಬರುತ್ತೇನೆ, ನಾನು ಹೇಳಿದ್ದನ್ನೆಲ್ಲ ಹಾಕಿದ್ದೀರಾ ನೋಡಬೇಕು ಅಂತ ಹೇಳಿಕಳಿಸಿದ್ದಾರೆ.